ಪಿಸುಮಾತು ಬಾರದ ರತ್ನತ್ತೆ

ನಮ್ಮ ರತ್ನತ್ತೆಗೆ ಪಿಸುಮಾತು ಬರುತ್ತಿರಲಿಲ್ಲ. ಗುಟ್ಟು ಹೇಳುವುದಕ್ಕೆ ಬೇಕಾದ ಸಿದ್ಧತೆಯನ್ನೆಲ್ಲ ಅವಳು ಸರಿಯಾಗಿಯೇ ಮಾಡಿಕೊಳ್ಳುತ್ತಿದ್ದಳು. ಹತ್ತಿರ ಬಂದು ಭುಜದ ಮೇಲೆ ಕೈಯಿಡುವುದು, ಆಚೆ ಈಚೆ ನೋಡುವುದು, ಸೆರಗನ್ನು ಬಾಯಿಗೆ ಅಡ್ಡ ಹಿಡಿಯುವುದು, ಎಲ್ಲ ಆಗುತ್ತಿತ್ತು. ಆಮೇಲೆ ಬಾಯಿ ತೆರೆದಳೆಂದರೆ ಬೀದಿಯ ಕೊನೆಯ ನಲ್ಲಿಯ ಹತ್ತಿರ ಬಿಂದಿಗೆ ಹಿಡಿದು ನಿಂತವರೂ ತಲೆಯೆತ್ತಿ ನೋಡುತ್ತಿದ್ದರು.

"ಯಾರ್ಗೂ ಹೇಳ್ಬ್ಯಾಡ ಗಿರ್ಜಿ. ನಿಮ್ ಮಾವ ತನಗೆ ಅಂತ ಹೊಸಾ ಲುಂಗಿ ತಂದ್ಕಂಡವ್ರೆ. ನಂಗೆ ತೋರಿಸ್ದಂಗೆ ಪೆಟ್ಟಿಗೇಲಿ ಮಡಗವ್ರೆ."

ಎದುರುಮನೆಯ ತೆಲುಗಿನವಳು ತನ್ನ ಹೊಸ್ತಿಲಲ್ಲಿ ಕುಳಿತೇ ಕೇಳಿದಳು: "ಏ ರಂಗು ರತ್ನಮ್ಮಾ?"

"ನೀಲಂ!" ಎಂದು ಅತ್ತೆ ಇಲ್ಲಿಂದಲೇ ಬಣ್ಣ ಹೇಳಿದಳು. ಹೇಳಿದ ಮೇಲೆ ನನ್ನ ಕಡೆ ತಿರುಗಿ, ನಿಜವಾಗಿಯೂ ಬೇಸರದಿಂದ, "ಇವ್ಳಿಗ್ಯಾರೇ ಹೇಳಿದ್ದು?" ಎಂದಳು.

ಲುಂಗಿ ನೀಲಿಯದೋ ಹಸಿರೋ ಎಂದು ಈಗ ನಾನು ಆಣೆ ಮಾಡಿ ಹೇಳಲಾರೆ. ಬರೆಯುತ್ತ ಕುಳಿತಾಗ ನೆನಪು ತನಗೆ ಬೇಕಾದ ಬಣ್ಣ ಬಳಿದುಕೊಳ್ಳುತ್ತದೆ ಎಂಬ ಅನುಮಾನ ನನಗೆ ಯಾವಾಗಲೂ ಇದೆ. ಆದರೆ ಎದುರುಮನೆಯವಳು ಬಣ್ಣ ಕೇಳಿದ್ದು ನಿಜ. ಅತ್ತೆ ಹೇಳಿದ್ದೂ ನಿಜ.

ಅವಳ ಗಂಟಲು ಹಾಗಾದದ್ದು ಮಿಲ್ಲಿನಲ್ಲಿ. ಹಿಂದೂಪುರದ ಹೊರಗಿನ ಒಂದು ನೂಲಿನ ಮಿಲ್ಲಿಗೆ ಅತ್ತೆ ಮದುವೆಯಾದ ಹೊಸದರಲ್ಲೇ ಸೇರಿದ್ದಳು. ಮಾವನೂ ಅಲ್ಲೇ ಕೆಲಸಕ್ಕಿದ್ದರು. ಅವರು ಹತ್ತಿಯ ಮೂಟೆ ಒಡೆಯುವ ಕಡೆ, ಇವಳು ನೂಲು ಸುತ್ತುವ ಕಡೆ. ಸಾಲುಸಾಲಾಗಿ ನಿಂತ ಯಂತ್ರಗಳಲ್ಲಿ ನೂಲು ಸುತ್ತಿಕೊಳ್ಳುವ ಉರುಳೆಗಳು, ಸಾವಿರಾರು ಬಾಬಿನ್ನುಗಳು, ತಿರುಗುವ ಆ ಜಾಗಕ್ಕೆ ಒಂದು ಸಲ ಹೋಗಿದ್ದೆ. ಮಾತು ಬಾಯಿಂದ ಹೊರಗೆ ಬಂದದ್ದು ನಮಗೇ ಗೊತ್ತಾಗದಷ್ಟು ಸದ್ದು. ಅದರೊಳಗೆ ಎರಡೇ ದಾರಿ: ಅರಚಬೇಕು, ಇಲ್ಲವೇ ಕೈಯಲ್ಲಿ ಮಾತಾಡಬೇಕು. ಅತ್ತೆಗೆ ಎರಡೂ ರೂಢಿಯಾಗಿತ್ತು. ಅರಚುವುದು ಮನೆಗೂ ಬಂತು. ಕೈಮಾತು ಮನೆಗೆ ಬಂದದ್ದು ಆಮೇಲೆ, ಕೆಟ್ಟ ದಿನಗಳಲ್ಲಿ.

ಮಿಲ್ಲಿನ ಹೆಂಗಸರ ಕೈಸನ್ನೆಗಳು ಬಹಳ ಇದ್ದವು. ಮೀಸೆ ತಿರುವಿದರೆ ಮೇಸ್ತ್ರಿ ಬರುತ್ತಿದ್ದಾನೆ ಎಂದು. ಮೂಗು ಮುಚ್ಚಿಕೊಂಡರೆ ಯಾವುದೋ ಹೊಸ ಸಾಹೇಬ, ಯಾಕೆಂದರೆ ಮೊದಲೊಬ್ಬ ಸಾಹೇಬ ಹತ್ತಿಯ ಧೂಳಿಗೆ ಕರವಸ್ತ್ರ ಹಿಡಿದುಕೊಂಡೇ ಓಡಾಡುತ್ತಿದ್ದನಂತೆ. ಅವುಗಳಲ್ಲಿ ಮೂರು ಮಾತ್ರ ನನಗೆ ಖಚಿತವಾಗಿ ನೆನಪಿವೆ. ತೋರುಬೆರಳನ್ನು ನೆಟ್ಟಗೆ ನಿಲ್ಲಿಸಿದರೆ ಅದು ಬಾಬಿನ್. ಇನ್ನೊಂದು ಕೈಯಿಂದ ಆ ಬೆರಳನ್ನು ಬುಡದಿಂದ ತುದಿಗೆ ಸವರಿ ಬಿಟ್ಟರೆ, ಬಾಬಿನ್ ಬರಿದಾಗಿದೆ ಎಂದು ಅರ್ಥ. ಅದೇ ಬೆರಳನ್ನು ಇನ್ನೊಂದು ಕೈಯ ಮುಷ್ಟಿಯಲ್ಲಿ ಹಿಡಿದುಕೊಂಡರೆ ಬಾಬಿನ್ ತುಂಬಿದೆ ಎಂದು. ಅಂಗೈ ಮೇಲೆ ಅಂಗೈ ಒತ್ತಿದರೆ ಯಂತ್ರ ನಿಂತಿದೆ.

ನಾನು ಅವಳ ಮನೆಗೆ ಬಂದದ್ದು ಹಿಂದೂಪುರದಲ್ಲಿ ಇಂಟರ್, ಅಂದರೆ ಆಂಧ್ರದ ಪಿಯುಸಿ, ಓದುವುದಕ್ಕೆ. ಅಪ್ಪನದು ಕೊಡಿಕೊಂಡ ಚೆಕ್‌ಪೋಸ್ಟಿನ ಹತ್ತಿರ ಲಾರಿಯವರಿಗೆ ಟೀ ಮಾಡಿಕೊಡುವ ಅಂಗಡಿ. ಅತ್ತೆ ಅಪ್ಪನ ಅಕ್ಕ. ಮಾವ, ಅತ್ತೆ, ನನಗಿಂತ ಚಿಕ್ಕವಳಾದ ಅವರ ಮಗಳು ಲತಾ, ಮತ್ತು ನಾನು. ಶೀಟಿನ ಮನೆ, ಒಂದು ಕೋಣೆ, ಅದರ ಬೆನ್ನಿಗೆ ಅಡುಗೆಗೆ ಇಷ್ಟು ಜಾಗ. ಊಟವಾದ ಮೇಲೆ ಅತ್ತೆ ತಟ್ಟೆಗಳನ್ನು ಬೆಳಗಿ ಅಡುಗೆಯ ಗೋಡೆಗೆ ಸಾಲಾಗಿ ಒರಗಿಸುತ್ತಿದ್ದಳು. ಒಂದರ ಮೇಲೊಂದು ಇಟ್ಟರೆ ಅವಳಿಗೆ ಆಗುತ್ತಿರಲಿಲ್ಲ. "ಎಲ್ರುದೂ ಕಾಣ್ಬೇಕು ಕಣೆ," ಎನ್ನುತ್ತಿದ್ದಳು. ಯಾರಾದರೂ ಊರಿಗೆ ಹೋದ ದಿನವೂ ಅವರ ತಟ್ಟೆಯನ್ನು ತೊಳೆದು ಆ ಸಾಲಿನಲ್ಲಿ ಇಡುತ್ತಿದ್ದಳು.

ಆ ವರ್ಷ ಮೊದಲು ಬಂದದ್ದು ಪವರ್ ಹಾಲಿಡೇ. ಕಾರ್ಖಾನೆಗಳಿಗೆ ಇಂತಿಂಥ ದಿನ ಕರೆಂಟಿಲ್ಲ ಎಂದಾಯಿತು. ಜೊತೆಗೆ ನೂಲಿಗೆ ಗಿರಾಕಿಯಿಲ್ಲ, ಗೋಡೌನಿನಲ್ಲಿ ಮಾಲು ಬಿದ್ದಿದೆ ಎಂಬ ಮಾತು. ರಾತ್ರಿ ಪಾಳಿ ಹೋಯಿತು. ಆಮೇಲೆ ದಿನ ಬಿಟ್ಟು ದಿನ ಕೆಲಸ. ಆಮೇಲೆ ಒಂದು ಬೆಳಿಗ್ಗೆ ಇಬ್ಬರೂ ಬುತ್ತಿ ಕಟ್ಟಿಕೊಂಡು ಹೋದವರು ಬಿಸಿಲೇರುವ ಮೊದಲೇ ಹಿಂದಕ್ಕೆ ಬಂದರು. ಗೇಟು ತೆಗೆದಿರಲಿಲ್ಲ. ಮಾವ ಮಾತಿಲ್ಲದ ಮನುಷ್ಯ. ಕಟ್ಟಿಕೊಂಡು ಹೋಗಿದ್ದ ಬುತ್ತಿಯನ್ನು ಬಿಚ್ಚಿ ನಮ್ಮೆಲ್ಲರ ನಡುವೆ ಇಟ್ಟರು, ಅಷ್ಟೆ. ಅತ್ತೆ ಮಾತ್ರ ಅವತ್ತೆಲ್ಲ ಗೊಣಗುತ್ತಲೇ ಇದ್ದಳು. ಅವಳು ಗೊಣಗಿದ್ದು ಪೂರ್ತಿ ಬೀದಿಗೆ ಕೇಳಿಸುತ್ತಿತ್ತು.

ಸುದ್ದಿ ಕೊಡಿಕೊಂಡಕ್ಕೆ ಮುಟ್ಟಿತು. ಅಪ್ಪ ಬಂದರು. ಅಲ್ಲೂ ಲಾರಿಗಳು ಕಡಿಮೆಯಾಗಿದ್ದವು, ಅಂಗಡಿ ನಡೆಯುತ್ತಿರಲಿಲ್ಲ. ಆದರೂ ಮಗಳನ್ನು ಇನ್ನೊಬ್ಬರ ಮೇಲೆ ಹೇರಬಾರದೆಂದು ಅವರ ಮನಸ್ಸು. ನಾನು ಪುಸ್ತಕದ ಚೀಲ ತುಂಬಿಕೊಳ್ಳುವುದಕ್ಕೆ ಎದ್ದೂ ಆಗಿತ್ತು.

"ಅಕ್ಕ, ಹುಡ್ಗೀನ ಕರ್ಕಂಡ್ ಹೋಯ್ತೀನಿ. ನಿಂಗೂ ಒಂದ್ ತಟ್ಟೆ ಕಮ್ಮಿ ಆಯ್ತದೆ," ಎಂದರು ಅಪ್ಪ.

ಆ ಮಾತನ್ನು ಅವರು ಹಾಗೆ ಹೇಳಬಾರದಿತ್ತು.

"ಏನಂದ್ಯಲಾ? ತಟ್ಟೆ ಕಮ್ಮಿ ಆಯ್ತದಾ? ಇವತ್ತು ಗಿರ್ಜಿ ತಟ್ಟೆ, ನಾಳೀಕೆ ಲತನ್ ತಟ್ಟೆ, ನಾಳಿದ್ದು ಇವ್ರುದು. ಆಮ್ಯಾಕೆ ನಾನೊಬ್ಳೇ ಕುಂತ್ಕಂಡು ಉಣ್ಬೇಕಾ?"

"ಮೆತ್ತಗೆ ಮಾತಾಡಕ್ಕ. ಬೀದಿಯೋರು ಕೇಳ್ತಾರೆ."

"ಮೆತ್ತಗೇ ಮಾತಾಡ್ತಾ ಇವ್ನಿ ಕಣ್ಲಾ! ಕೇಳ್ಲಿ. ಅವ್ರ ಮನೇಲೇನ್ ಹೋಳಿಗೆ ಬೇಯ್ತಾ ಐತಾ? ಈ ಮನೆಯಿಂದ ಯಾರೂ ಹೋಗಂಗಿಲ್ಲ. ಇದ್ರೆ ಎಲ್ರೂ ಉಂಬಾಣ. ಇಲ್ದಿದ್ರೆ ಎಲ್ರೂ ನೀರ್ ಕುಡಿಯಾಣ. ಗಿರ್ಜೀ, ಚೀಲ ಕೆಳೀಕೆ ಮಡಗು."

ನಾನು ಚೀಲ ಕೆಳಗಿಟ್ಟೆ. ಅಪ್ಪ ಟೀ ಕುಡಿದು ಒಬ್ಬರೇ ಹೋದರು. ಹೋಗುವಾಗ ಅವರ ಮುಖದಲ್ಲಿ ಅವಮಾನವಿತ್ತೋ ಸಮಾಧಾನವಿತ್ತೋ ಎಂದು ಬಹಳ ಸಲ ಯೋಚಿಸಿದ್ದೇನೆ. ಎರಡೂ ಇತ್ತೆಂದು ಬರೆದರೆ ಬರಹ ಚೆನ್ನಾಗಿರುತ್ತದೆ. ನಿಜ ಹೇಳಬೇಕೆಂದರೆ ನಾನು ಅವರ ಮುಖ ನೋಡಲಿಲ್ಲ, ಅತ್ತೆಯ ಮುಖ ನೋಡುತ್ತಿದ್ದೆ.

ಮಿಲ್ಲು ನಿಂತ ಮೇಲೆ ಬೀದಿಗೆಲ್ಲ ದಿಕ್ಕಾದದ್ದು ಹುಣಸೆಹಣ್ಣು. ಹಿಂದೂಪುರದ ಮಾರ್ಕೆಟ್ಟಿಗೆ ಬೇಸಿಗೆಯಲ್ಲಿ ಸುತ್ತಲ ಊರುಗಳಿಂದ ಹುಣಸೆಹಣ್ಣು ಬಂದು ಬೀಳುತ್ತದೆ. ಮಂಡಿಯವರು ಮೂಟೆಗಳನ್ನು ಮನೆಮನೆಗೆ ಕೊಡುತ್ತಾರೆ. ಕುಟ್ಟಿ ಬೀಜ ತೆಗೆದು, ನಾರು ಬಿಡಿಸಿ, ಹಣ್ಣನ್ನು ವಾಪಸು ಕೊಡಬೇಕು. ಅದು ಹೆಂಗಸರ ಕೆಲಸ. ಮೊದಲಿನಿಂದಲೂ ಹಾಗೆಯೇ. ಗಂಡಸರು ಮೂಟೆ ಹೊರುವುದುಂಟು, ಬಿಡಿಸಲು ಕೂರುವುದಿಲ್ಲ.

ಮಾವ ಕೂತರು. ಅವರಿಗೂ ಕೆಲಸವಿರಲಿಲ್ಲ, ಕೈ ಸುಮ್ಮನಿರುತ್ತಿರಲಿಲ್ಲ. ಆದರೆ ಬಾಗಿಲು ಹಾಕಿಕೊಂಡು ಕೂತರು. ಒಳಗೆ ಕತ್ತಲು, ಸೆಕೆ, ಹುಳಿ ವಾಸನೆ. ನಾವು ಮೂವರು ಹೆಂಗಸರು ಜಗಲಿಯ ಮೇಲೆ, ಮಾವ ಒಳಗೆ ಒಬ್ಬರೇ ಟಕ್ ಟಕ್ ಎಂದು ಕುಟ್ಟುವುದು. ಎರಡು ದಿನ ಅತ್ತೆ ಸುಮ್ಮನಿದ್ದಳು. ಅವಳ ಲೆಕ್ಕದಲ್ಲಿ ಅದೇ ದೊಡ್ಡದು. ಆಮೇಲೆ ಒಳಗೆ ಹೋಗಿ ಗುಟ್ಟಾಗಿ ಕೇಳಿದಳು.

"ಯಾಕ್ರೀ ಬಾಗ್ಲಾಕ್ಕಂಡ್ ಕುಟ್ತೀರಾ? ಹುಣ್ಸೇಣ್ಣೇನ್ ಕದ್ಕಂಡ್ ಬಂದಿದೀರಾ?"

ಬೀದಿಯಲ್ಲಿ ನಗು ಎದ್ದಿತು. ಮೂರನೇ ಮನೆಯಿಂದ ಒಬ್ಬಳು ಕೂಗಿ ಹೇಳಿದಳು: "ರತ್ನಕ್ಕಾ, ನಮ್ಮೋರೂ ಒಳಗೇ ಕುಟ್ತಾವ್ರೆ! ಸ್ಟವ್ ರಿಪೇರಿ ಮಾಡ್ತಾ ಇದೀನಿ ಅಂತ ಹೇಳು ಅಂದವ್ರೆ!"

ಸಂಜೆಯೊಳಗೆ ಗೊತ್ತಾಯಿತು, ಬೀದಿಯ ಮುಚ್ಚಿದ ಬಾಗಿಲುಗಳ ಹಿಂದೆಲ್ಲ ಮಿಲ್ಲಿನ ಗಂಡಸರು ಹುಣಸೆಹಣ್ಣು ಕುಟ್ಟುತ್ತಿದ್ದರು. ಮರುದಿನ ಮಾವ ಜಗಲಿಗೆ ಬಂದು ಕೂತರು. ಒಬ್ಬೊಬ್ಬರಾಗಿ ಉಳಿದವರೂ ಹೊರಗೆ ಬಂದರು. ಆಮೇಲೆ ಅಲ್ಲಿ ತಮಾಷೆ, ಪಂದ್ಯ, ಯಾರ ಹಣ್ಣು ಮುರಿಯದೆ ಬಂತು ಎಂಬ ಜಗಳ. ನಾನು ಆ ಬೇಸಿಗೆಯನ್ನು ನೆನೆದಾಗ ಮೊದಲು ಬರುವುದು ಹಸಿವಲ್ಲ, ಆ ನಗು. ಇದು ನೆನಪಿನ ಮೋಸ ಇರಬಹುದು. ಹಸಿವೂ ಇತ್ತು. ಹುಣಸೆಯ ಹುಳಿಗೆ ಬೆರಳ ಸಂದುಗಳು ಸೀಳಿ, ಖಾರದ ಸಾರಿಗೆ ಕೈ ಹಾಕಿದರೆ ಕಣ್ಣಲ್ಲಿ ನೀರು ಬರುತ್ತಿದ್ದದ್ದೂ ಇತ್ತು. ಆದರೆ ನಾಚಿಕೆ ಇರಲಿಲ್ಲ. ನಮ್ಮ ಬೀದಿಯಲ್ಲಿ ನಾಚಿಕೆಗೆ ಅಡಗಲು ಜಾಗ ಕೊಡದಿದ್ದದ್ದು ಅತ್ತೆಯ ಗಂಟಲು. ಮನೆಯಲ್ಲಿ ಬೇಳೆ ಇಲ್ಲದ್ದನ್ನು ಅವಳು ಎಷ್ಟು ಮೆಲ್ಲಗೆ ಹೇಳಿದರೂ ಎಲ್ಲರಿಗೂ ತಿಳಿಯುತ್ತಿತ್ತು. ತಿಳಿದ ಮೇಲೆ ಉಳಿದವರಿಗೂ ತಮ್ಮ ಮನೆಯಲ್ಲಿಲ್ಲದ್ದನ್ನು ಹೇಳಿಕೊಳ್ಳುವುದು ಸಲೀಸಾಗುತ್ತಿತ್ತು.

ಬೀದಿಗೆ ತಿಳಿದರೆ ಅವಳಿಗೆ ಚಿಂತೆಯಿರಲಿಲ್ಲ. ನೆಂಟರ ವಿಷಯ ಬೇರೆ. ನೆಂಟರಿಗೆ ತಿಳಿದರೆ ಕನಿಕರಪಡುತ್ತಾರೆ, ಕನಿಕರಪಟ್ಟರೆ ಯಾರನ್ನಾದರೂ ಕರೆದುಕೊಂಡು ಹೋಗುತ್ತೇನೆ ಎನ್ನುತ್ತಾರೆ. ಅಪ್ಪ ಬಂದುಹೋದ ಮೇಲೆ ಅವಳಿಗೆ ಆ ಭಯ ಹಿಡಿದಿತ್ತು. ಹಾಗೆ ಮನೆಗೆ ಬಂತು ಕೈಮಾತು. ಊಟದ ಹೊತ್ತಿಗೆ ಯಾರಾದರೂ ಬಂದರೆ ಕೂರಿಸಿ ಬಡಿಸದೆ ಕಳಿಸುವ ಹಾಗಿಲ್ಲ. ಬಡಿಸಿದರೆ ನಮಗೆ ಸಾಲುವುದಿಲ್ಲ. ಅಂಥ ಹೊತ್ತಿನಲ್ಲಿ ಅತ್ತೆ ತೋರುಬೆರಳನ್ನು ನಿಲ್ಲಿಸಿ, ಕೈಗಂಟಿದ ಹಿಟ್ಟು ಒರೆಸಿಕೊಂಡ ಹಾಗೆ ಒಂದು ಸಲ ಸವರುತ್ತಿದ್ದಳು. ಬಾಬಿನ್ ಬರಿದು. ಅಂದರೆ, ಅನ್ನ ಮುಗಿಯಿತು, ಹೊಟ್ಟೆ ತುಂಬಿತೆಂದು ಹೇಳಿ ಏಳಿ. ನಾವು ಏಳುತ್ತಿದ್ದೆವು. ಬಂದವರಿಗೆ ಏನೂ ತಿಳಿಯುತ್ತಿರಲಿಲ್ಲ. ಬಾಯಿಗೆ ಬಾರದ ಪಿಸುಮಾತು ಅವಳ ಬೆರಳಿಗೆ ಬಹಳ ಚೆನ್ನಾಗಿ ಬರುತ್ತಿತ್ತು.

ಇನ್ನೊಂದು ಸನ್ನೆಯನ್ನು, ಬೆರಳನ್ನು ಮುಷ್ಟಿಯಲ್ಲಿ ಹಿಡಿದು ತುಂಬಿದೆ ಎನ್ನುವುದನ್ನು, ಆ ಮನೆಯಲ್ಲಿ ಅವಳು ಮಾಡಿದ್ದು ನಾನು ನೋಡಲಿಲ್ಲ.

ಕಲ್ಯಾಣದುರ್ಗದ ಓಬಳೇಶಪ್ಪನವರು ಬಂದದ್ದು ಒಂದು ಭಾನುವಾರ ಮಧ್ಯಾಹ್ನ. ಅವರು ಮಾವನ ದೊಡ್ಡಪ್ಪನ ಮಗ. ಲತಾ ಅವರನ್ನು ದೊಡ್ಡಪ್ಪ ಎನ್ನುತ್ತಿದ್ದಳು, ನಾನೂ ಹಾಗೆಯೇ ಕರೆಯುತ್ತಿದ್ದೆ. ಕಲ್ಯಾಣದುರ್ಗದಲ್ಲಿ ಅವರಿಗೆ ಹಾಸಿಗೆ ದಿಂಬಿನ ಅಂಗಡಿ. ಹತ್ತಿ ಹಿಂಜುವ ಒಂದು ಯಂತ್ರವೂ ಇತ್ತು. ಹೆಣ್ಣುಮಕ್ಕಳಿಗೆ ಮದುವೆಯಾಗಿ ಮನೆಯಲ್ಲಿ ಅವರೂ ಅವರ ಹೆಂಡತಿಯೂ ಇಬ್ಬರೇ. ಕಂಕುಳಲ್ಲಿ ಹೂವಿನ ಗಲೀಬು ಹಾಕಿದ ಒಂದು ಹೊಸ ದಿಂಬು ಇಟ್ಟುಕೊಂಡು ಬಂದರು. ಅದನ್ನು ಲತಾಳ ಕೈಗೆ ಕೊಟ್ಟು, ಮಾವನ ಮುಂದೆ ಕುಳಿತು ನೇರವಾಗಿ ಮಾತು ತೆಗೆದರು.

"ನೋಡಪ್ಪ, ಮಿಲ್ ಬಂದಾಗಿದ್ ಗೊತ್ತಾತು. ಈ ಹುಡುಗೀನ ನಾನು ಕರ್ಕೊಂಡ್ ಹೋಗ್ತೀನಿ. ನಮ್ ಮನ್ಯಾಗೇ ಇದ್ಕೊಂಡು ಓದ್ಲಿ. ನಿನಗೂ ಒಂದೀಟು ಭಾರ ಇಳೀತೈತಿ. ಸಂಜಿ ಬಸ್ಸಿಗೇ ಹೊರಡ್ತೀವಿ."

ಒಳ್ಳೆಯ ಮನುಷ್ಯ. ಒಳ್ಳೆಯ ಮಾತು. ಅದಕ್ಕೇ ಕಷ್ಟ. ಮಾವ ನೆಲ ನೋಡಿದರು. ಲತಾ ದಿಂಬನ್ನು ಎದೆಗೆ ಒತ್ತಿಕೊಂಡು ಅತ್ತೆಯ ಕಡೆ ನೋಡಿದಳು.

"ಯಾರಿಗ್ ಭಾವ ಭಾರ?" ಎಂದಳು ಅತ್ತೆ. "ನಮ್ಗೇನಾಗೈತೆ? ಉಂಡ್ಕಂಡ್ ತಿನ್ಕಂಡ್ ಚೆಂದಾಗಿದೀವಿ. ಮಿಲ್ಲು ಇವತ್ತಲ್ಲಾ ನಾಳೆ ತೆಗೀತಾರೆ. ನೀವೇನ್ ಮನಸ್ಗೆ ಹಚ್ಕಬ್ಯಾಡಿ."

"ಚೆಂದಾಗಿದ್ರೆ ನನಗೂ ಸಂತೋಷನೇ ಅಲ್ಲೇನಮ್ಮ," ಎಂದು ಅವರು ಮನೆಯ ಸುತ್ತ ಒಂದು ಸಲ ಕಣ್ಣಾಡಿಸಿದರು. "ಎಲ್ರೂ ಹೊಟ್ಟೆ ತುಂಬ ಉಣ್ಣಾದು ನೋಡಿ ಹೋದ್ರೆ ನನಗೂ ನೆಮ್ಮದಿ. ಇಲ್ದಿದ್ರೆ ಹುಡುಗಿ ಬರ್ಲಿ. ಬ್ಯಾಡ ಅನ್ಬ್ಯಾಡ."

ಅಂದರೆ ಊಟವೇ ಪರೀಕ್ಷೆಯಾಯಿತು. ಅವರೆದುರು ಕೊರತೆ ಕಂಡರೆ ಸಂಜೆಯ ಬಸ್ಸಿಗೆ ಲತಾ ಹೋಗುತ್ತಾಳೆ. ಅತ್ತೆ ಅಡುಗೆಗೆ ಹೋದಳು. ರಾಗಿ ಹಿಟ್ಟಿಗೆ ತೊಂದರೆಯಿರಲಿಲ್ಲ, ಹುರುಳಿಕಾಳಿನ ಸಾರಿಗೂ. ಅಕ್ಕಿ ಮಾತ್ರ ಇದ್ದದ್ದು ಒಂದು ಚಿಕ್ಕ ತಪ್ಪಲೆಗೆ ಆಗುವಷ್ಟು. ಅವಳು ಅದನ್ನು ಬೇಯಿಸಿ, ದೊಡ್ಡ ಪಾತ್ರೆಗೆ ಸುರಿದು, ಮುಚ್ಚಳ ಮುಚ್ಚಿ, ದೊಡ್ಡ ಸೌಟು ಹಾಕಿ ತಂದಿಟ್ಟಳು. ನಾಲ್ವರೂ ಸಾಲಾಗಿ ಕೂತೆವು. ಅತ್ತೆ ಬಡಿಸಿದಳು. ತಾನು ಆಮೇಲೆ ಉಣ್ಣುವುದಾಗಿ ಹೇಳಿದಳು.

ಮುದ್ದೆ ಮುಗಿಯಿತು. ಅನ್ನ ಬಂತು. ದೊಡ್ಡಪ್ಪ ಚೆನ್ನಾಗಿ ಉಣ್ಣುವವರು, ದಾರಿಯ ಹಸಿವು ಬೇರೆ. "ಸಾರು ಬಾಳ ಚೊಲೋ ಆಗೈತಿ ಕಣಮ್ಮ," ಎಂದು ಒಂದು ಸಲ ಹಾಕಿಸಿಕೊಂಡು ಉಂಡರು. ಅತ್ತೆ ಉಪಚಾರ ಮಾಡಿದಳು, "ಇನ್ನೊಂಚೂರು ಭಾವ, ಸಂಕೋಚ ಬ್ಯಾಡಿ." ಅವರು ಬೇಡವೆನ್ನಲಿಲ್ಲ. ಎರಡನೇ ಸಲ ಬಡಿಸಿದ ಸೌಟು ಪಾತ್ರೆಯ ತಳ ಕೆರೆದ ಸದ್ದು ನನಗೆ ಕೇಳಿಸಿತು. ಅತ್ತೆ ಪಾತ್ರೆಯನ್ನು ಪಕ್ಕಕ್ಕಿಟ್ಟು, ನಮ್ಮ ಕಡೆ ನೋಡಿ, ಯಾವ ಅವಸರವೂ ಇಲ್ಲದೆ ತೋರುಬೆರಳನ್ನು ನಿಲ್ಲಿಸಿ ಸವರಿದಳು. ದೊಡ್ಡಪ್ಪನ ಎದುರಿಗೇ. ಮಿಲ್ಲಿನವರಲ್ಲದ ಅವರಿಗೆ ಏನು ತಿಳಿಯಬೇಕು?

"ನಂಗೆ ಸಾಕಾಯ್ತು," ಎಂದು ಮಾವ ಎದ್ದರು.

"ನಂಗೂ ಹೊಟ್ಟೆ ತುಂಬ್ತು," ಎಂದು ಲತಾ ಎದ್ದಳು. ನಾನೂ ಎದ್ದೆ. ಪಾಳಿ ಮುಗಿದ ಗಂಟೆ ಹೊಡೆದ ಹಾಗೆ ಮೂವರೂ ಒಟ್ಟಿಗೆ ಎದ್ದಿದ್ದೆವು.

ದೊಡ್ಡಪ್ಪನ ಕೈ ಅನ್ನದ ಮೇಲೆ ನಿಂತಿತು. ಅವರು ನಮ್ಮನ್ನು ನೋಡಲಿಲ್ಲ, ಅತ್ತೆಯ ಬೆರಳನ್ನೇ ನೋಡುತ್ತಿದ್ದರು. ಆಮೇಲೆ ಎರಡೂ ಕೈ ಎತ್ತಿ, ಅಂಗೈ ಮೇಲೆ ಅಂಗೈ ಇಟ್ಟು ಒತ್ತಿ, ಹುಬ್ಬು ಮೇಲೆ ಮಾಡಿದರು. ಯಂತ್ರ ನಿಂತು ಬಹಳ ದಿನವಾಯಿತೇ ಎಂದು ಕೇಳುವ ಹಾಗೆ.

ಅತ್ತೆ ಯೋಚಿಸಿ ಉತ್ತರ ಕೊಟ್ಟಿದ್ದರೆ ಏನಾದರೂ ಒಂದು ಸುಳ್ಳು ಹುಟ್ಟಿಸುತ್ತಿದ್ದಳು. ಆದರೆ ಅಷ್ಟು ವರ್ಷ ಆ ಸದ್ದಿನಲ್ಲಿ ದುಡಿದ ಕೈಗೆ ಯೋಚಿಸುವ ಅಭ್ಯಾಸವಿರಲಿಲ್ಲ. ಸನ್ನೆಗೆ ಸನ್ನೆ ತಾನಾಗಿಯೇ ಹೊರಟಿತು. ಅವಳೂ ಅಂಗೈ ಮೇಲೆ ಅಂಗೈ ಒತ್ತಿದಳು. ಎಲ್ಲ ನಿಂತಿವೆ. ಒತ್ತಿದ ಮೇಲೆ ತಾನು ಮಾಡಿದ್ದೇನೆಂದು ಅವಳಿಗೆ ಗೊತ್ತಾಯಿತು. ಕೈಗಳನ್ನು ಸೆರಗಿನೊಳಗೆ ಎಳೆದುಕೊಂಡಳು.

ಆಗ ಅವಳು ಮಾತಾಡಿದ್ದು ಆ ಕೋಣೆ ದಾಟಿ ಹೋಗಲಿಲ್ಲ. ಅವಳ ಬಾಯಲ್ಲಿ ಅಷ್ಟು ಮೆಲ್ಲನೆಯ ದನಿಯನ್ನು ಅದೊಂದೇ ಸಲ ಕೇಳಿದ್ದು.

"ನಿಮ್ಗೆಂಗೆ ಗೊತ್ತು ಭಾವ ಇದು?"

"ಮದುವಿಗೆ ಮುಂಚೆ ದಾವಣಗೆರಿಯಾಗೆ ಮಿಲ್ಲಿನಾಗಿದ್ದೆ ಕಣಮ್ಮ. ಧೂಳು ಒಗ್ಗಲಿಲ್ಲ, ಬಿಟ್ ಬಂದೆ. ಬಾಬಿನ್ ಖಾಲಿ ಆದ್ರೆ ನಾವೂ ಹಿಂಗೇ ಬೆರಳು ಸವರತಿದ್ವಿ." ಅವರು ತಟ್ಟೆಯನ್ನು ಎತ್ತಿ ಅವಳ ಕಡೆ ನೀಡಿದರು. "ಈ ಅನ್ನ ಇನ್ನೂ ಮುಟ್ಟಿಲ್ಲ ನಾನು. ತಗೋ. ಐದು ಪಾಲು ಮಾಡು. ಏ, ನೀವು ಯಾಕ್ ನಿಂತೀರಿ? ಕುಂದ್ರಿ."

ನಾವು ಕೂತೆವು. ಅತ್ತೆ ಐದು ಪಾಲು ಮಾಡಿದಳು. ತನ್ನ ತಟ್ಟೆಯನ್ನೂ ತಂದುಕೊಂಡು ಕೂತಳು. ಒಂದೊಂದು ತುತ್ತಿನಷ್ಟು ಅನ್ನ. ಅತ್ತೆ ಉಣ್ಣುತ್ತ ಅಳುತ್ತಿದ್ದಳೇ? ನನ್ನ ನೆನಪಿನಲ್ಲಿ ಅಳುತ್ತಿದ್ದಾಳೆ. ಲತಾ ಇಲ್ಲ ಎನ್ನುತ್ತಾಳೆ. ಹುಣಸೆ ಬಿಡಿಸಿ ಸೀಳಿದ ಬೆರಳಿಗೆ ಸಾರಿನ ಖಾರ ಹತ್ತಿ ಎಲ್ಲರ ಕಣ್ಣಲ್ಲೂ ನೀರಿತ್ತು, ನೀನು ಅದನ್ನು ಕಥೆ ಮಾಡಿಕೊಂಡಿದ್ದೀಯ ಎನ್ನುತ್ತಾಳೆ. ಆಗಲೂ ದಿನಚರಿ ಬರೆಯುವ ಚಟ ನನಗಿತ್ತು. ತೆಗೆದು ನೋಡಿದೆ. ಅವತ್ತಿನ ಪುಟದಲ್ಲಿ ಇರುವುದು ಇಷ್ಟೇ: ದೊಡ್ಡಪ್ಪ ಬಂದಿದ್ದರು, ಹುರುಳಿ ಸಾರು.

ಲತಾ ಇನ್ನೊಂದು ಮಾತೂ ಹೇಳುತ್ತಾಳೆ. ದೊಡ್ಡಪ್ಪ ಮಿಲ್ಲಿನಲ್ಲಿದ್ದದ್ದು ಮಾವನಿಗೆ ಗೊತ್ತಿರದೆ ಹೋಗಲು ಸಾಧ್ಯವೇ ಇಲ್ಲ, ಅವರು ಬೇಕೆಂದೇ ಅತ್ತೆಗೆ ಹೇಳಲಿಲ್ಲ ಎಂದು. ಹೆಂಡತಿ ಬಾಯಿಬಿಟ್ಟು ಕೇಳುವವಳಲ್ಲ, ತನಗೆ ಬಾಯಿಯೇ ಇಲ್ಲ, ಅವಳ ಬೆರಳಾದರೂ ಹೇಳಲಿ ಎಂದುಕೊಂಡಿರಬಹುದು. ಒಂದು ಸಲ ಮಾವನನ್ನೇ ಕೇಳಿದೆ. "ಗೊತ್ತಿತ್ತೇನೋ, ಮರ್ತೋಗಿತ್ತೇನೋ," ಎಂದು ಬೀಡಿ ಹಚ್ಚಿದರು.

ಕೈ ತೊಳೆದು ಬಂದ ದೊಡ್ಡಪ್ಪ ಜಗಲಿಯ ಮೇಲೆ ಕೂತರು. ಅತ್ತೆ ಲತಾಳ ಕೈ ಹಿಡಿದುಕೊಂಡು ಬಾಗಿಲಲ್ಲಿ ನಿಂತಿದ್ದಳು. ಇನ್ನು ಲತಾ ಹೋದ ಹಾಗೆಯೇ ಎಂದು ನಾವೆಲ್ಲ ತಿಳಿದಿದ್ದೆವು.

"ಇವಳನ್ನ ಕರ್ಕೊಂಡ್ ಹೋಗಾಕೆ ಅಂತ್ಲೇ ಬಂದಿದ್ದೆ," ಎಂದರು ಅವರು. "ಈಗ ಇವಳೊಬ್ಬಳನ್ನ ಕರ್ಕೊಂಡ್ ಹೋದ್ರೆ ನನಗೆ ಅನ್ನ ಇಳಿಯಾದಿಲ್ಲ. ಎಲ್ರೂ ಬರ್ರಿ. ನಮ್ ಯಂತ್ರದ ಸದ್ದಿಗೆ ಯಾವ ಕೆಲಸದೋರೂ ನಿಲ್ಲವಲ್ರು, ಕಿವಿ ಹೋಗ್ತೈತಿ ಅಂತ ಓಡಿ ಹೋಗ್ತಾರ. ನಿನಗೆ ಆ ಸದ್ದು ಯಾವ ಮಹಾ? ಅಂಗಡಿ ಹಿಂದ್ಗಡೆ ಎರಡು ಕೋಣಿ ಅದಾವು."

ಅತ್ತೆಗೆ ತನ್ನ ದನಿ ವಾಪಸು ಬಂತು. "ಬತ್ತೀವಿ ಭಾವ. ಆದ್ರೆ ಈಗಲ್ಲ. ಗಿರ್ಜಿದು ಪರೀಕ್ಸೆ ಐತೆ. ಮುಗೀಲಿ. ಮುಗಿದ್ಮ್ಯಾಕೆ ಎಲ್ರೂ ಒಟ್ಗೇ ಬತ್ತೀವಿ."

ಎದುರುಮನೆಯವಳು ಅಲ್ಲಿಂದಲೇ ಕೇಳಿದಳು: "ಎಕ್ಕಡಿಕಿ ರತ್ನಮ್ಮಾ?"

"ಕಲ್ಯಾಣದುರ್ಗಂ!" ಎಂದು ಅತ್ತೆ ಹೇಳಿದಳು.

ನನ್ನ ಪರೀಕ್ಷೆ ಮುಗಿಯುವವರೆಗೂ ಅತ್ತೆ ಮಾವ ಕಲ್ಯಾಣದುರ್ಗಕ್ಕೆ ಹೋಗಲಿಲ್ಲ. ಆ ದಿನಗಳಲ್ಲಿ ಮುದ್ದೆ ಇತ್ತು, ಹುಣಸೆಹಣ್ಣಿನ ಮೂಟೆಗಳಿದ್ದವು, ಗೋಡೆಗೆ ಒರಗಿದ ನಾಲ್ಕು ತಟ್ಟೆಗಳಿದ್ದವು. ನಾನು ಓದುವಾಗ ಸದ್ದಾಗಬಾರದೆಂದು ಅತ್ತೆ ಬೀದಿಯಲ್ಲಿ ನಿಂತು "ಯಾರೂ ಸದ್ದು ಮಾಡಬ್ಯಾಡ್ರೀ" ಎಂದು ಕೂಗುತ್ತಿದ್ದಳು.

ಕಲ್ಯಾಣದುರ್ಗದಲ್ಲಿ ಅವಳು ಮತ್ತೆ ಅವಳಾದಳು. ಹಿಂಜುವ ಯಂತ್ರ ಸಣ್ಣದೇ ಆದರೂ ಅಂಗಡಿಯ ಮುಂದೆ ನಿಂತವರು ಕಿವಿ ಮುಚ್ಚಿಕೊಳ್ಳುವಷ್ಟು ಅರಚುತ್ತಿತ್ತು. ಅದರ ಪಕ್ಕದಲ್ಲಿ ಹುಬ್ಬು ರೆಪ್ಪೆಗಳಿಗೆ ಹತ್ತಿ ಅಂಟಿಸಿಕೊಂಡು ಅತ್ತೆ, ಆಚೆ ತುದಿಯಲ್ಲಿ ದೊಡ್ಡಪ್ಪ. ಇಬ್ಬರೂ ದಿನವಿಡೀ ಕೈಯಲ್ಲೇ ಮಾತಾಡಿಕೊಳ್ಳುತ್ತಿದ್ದರು. ಚೌಕಾಸಿ ಮಾಡುವ ಗಿರಾಕಿಯ ಎದುರಿಗೇ ಅವನನ್ನು ಗೇಲಿ ಮಾಡಿ, ಮುಖದಲ್ಲಿ ನಗು ತೋರಿಸದೆ ದಿಂಬು ಹೊಲಿಯುತ್ತಿದ್ದರು. ನಾನು ಅನಂತಪುರದಲ್ಲಿ ಹಾಸ್ಟೆಲ್ ಸೇರಿ ಡಿಗ್ರಿ, ಆಮೇಲೆ ಯೂನಿವರ್ಸಿಟಿ, ಆಮೇಲೆ ಅಲ್ಲೇ ಕೆಲಸ ಎಂದು ಇದ್ದುಬಿಟ್ಟೆ. ರಜೆಯಲ್ಲಿ ಹೋದಾಗಲೆಲ್ಲ ನನ್ನ ತಟ್ಟೆ ಗೋಡೆಗೆ ಒರಗಿರುತ್ತಿತ್ತು. ನಾನಿಲ್ಲದ ದಿನಗಳಲ್ಲೂ ತೊಳೆದಿಡುತ್ತಾಳೆ ಎಂದು ಲತಾ ಹೇಳುತ್ತಿದ್ದಳು.

ವರ್ಷ ಕಳೆದ ಹಾಗೆ ಅತ್ತೆಯ ಕಿವಿ ಪೂರ್ತಿ ಹೋಯಿತು. ದನಿ ಇನ್ನೂ ಏರಿತು. ಫೋನಿನಲ್ಲಿ ಮಾತಾಡಿದರೆ ನಾನು ಫೋನನ್ನು ಮೇಜಿನ ಮೇಲಿಟ್ಟು ಕೇಳುತ್ತಿದ್ದೆ. ನಾನು ಹೇಳಿದ್ದು ಅವಳಿಗೆ ಕೇಳಿಸುತ್ತಿರಲಿಲ್ಲ, ಆದರೂ "ಊಟ ಆಯ್ತಾ?" ಎಂದು ಕೇಳಿ, ತಾನೇ "ಸರಿ, ಸರಿ" ಎಂದು ಇಟ್ಟುಬಿಡುತ್ತಿದ್ದಳು.

ಈಗ ಆ ಫೋನು ಬರುವುದಿಲ್ಲ. ಕಳೆದ ಚಳಿಗಾಲದಲ್ಲಿ ಅತ್ತೆ ಹೋದಳು. ಅಂಗಡಿಯ ಬೀದಿಯಲ್ಲೇ ಇರುವ ಲತಾಳ ಮನೆಯಲ್ಲಿ, ಮಧ್ಯಾಹ್ನ ಮಲಗಿದವಳು ಏಳಲಿಲ್ಲ. ನಾನು ಮುಟ್ಟುವ ಹೊತ್ತಿಗೆ ಎಲ್ಲ ಮುಗಿದಿತ್ತು. ಅಂಗಡಿಯ ಯಂತ್ರವನ್ನು ಅವತ್ತು ನಿಲ್ಲಿಸಿದ್ದರು. ಆ ಬೀದಿ ಅಷ್ಟು ಸುಮ್ಮನಿದ್ದದ್ದನ್ನು ನಾನು ಎಂದೂ ಕಂಡಿರಲಿಲ್ಲ.

ಕೊನೆಯ ಸಲ ಅವಳನ್ನು ನೋಡಿದ್ದು ಅದಕ್ಕೂ ಕೆಲವು ತಿಂಗಳ ಹಿಂದೆ. ಊಟಕ್ಕೆ ಕೂತಿದ್ದೆವು. ಮುದ್ದೆ, ಅದೇ ಹುರುಳಿಕಾಳಿನ ಸಾರು. ಒಂದು ಸಲ ಅನ್ನ ಹಾಕಿಸಿಕೊಂಡು ಉಂಡು, ಸಾಕೆಂದು ಏಳಲು ಕೈಯೂರಿದೆ. ಅವಳ ಮನೆಯಲ್ಲಿ ಉಂಡಾಗಲೆಲ್ಲ ನಾನು ಹಾಗೆಯೇ ಏಳುವುದು. ಹೊಟ್ಟೆ ತುಂಬಿದೆಯೋ ಇಲ್ಲವೋ ನನಗೇ ಗೊತ್ತಿರುವುದಿಲ್ಲ, ಆ ಬೇಸಿಗೆಯಲ್ಲಿ ಕಲಿತ ಮೈ ತಾನಾಗಿ ಎದ್ದುಬಿಡುತ್ತದೆ. ಒಲೆಯ ಹತ್ತಿರ ಕೂತಿದ್ದ ಅತ್ತೆ ನೋಡಿದಳು. ತೋರುಬೆರಳನ್ನು ನಿಲ್ಲಿಸಿ, ಇನ್ನೊಂದು ಕೈಯ ಮುಷ್ಟಿಯಲ್ಲಿ ಭದ್ರವಾಗಿ ಹಿಡಿದುಕೊಂಡಳು. ಹಿಡಿದುಕೊಂಡೇ ಇದ್ದಳು.

ನಾನು ಕೂತೆ. ಇನ್ನೊಂದು ಸಲ ಬಡಿಸಿಕೊಂಡು ಉಂಡೆ. ಅವಳು ಕೈ ಬಿಟ್ಟದ್ದು ನನ್ನ ತಟ್ಟೆ ಖಾಲಿಯಾದ ಮೇಲೆ.

ಬೇಡವೆಂದರೂ ಕೇಳದೆ ಬಸ್ ಸ್ಟ್ಯಾಂಡಿಗೆ ಬಂದಳು. ಅನಂತಪುರದ ಬಸ್ಸು ನಿಂತಿತ್ತು. "ಮಾ ಮೇನಕೋಡಲಪ್ಪಾ, ಕಿಟಿಕೀ ಪಕ್ಕನ ಸೀಟಿಯ್ಯಿ!" ಎಂದು ತನ್ನ ಸೋದರಸೊಸೆಗೆ ಕಿಟಕಿಯ ಸೀಟು ಕೊಡಬೇಕೆಂದು ಕಂಡಕ್ಟರನಿಗೆ ಕೂಗಿ ಹೇಳಿದಳು. ಅವನು ನಕ್ಕು ಕೊಟ್ಟ. ಕಿಟಕಿಯ ಕೆಳಗೆ ಬಂದು ನಿಂತಳು. ನಾಲ್ಕಾರು ಬಸ್ಸುಗಳ ಎಂಜಿನ್ನು, ಹಾರ್ನು, ಸೋಡಾ ಬಾಟಲಿಗಳ ಸದ್ದು. ಅವಳಿಗೆ ಅದಾವುದೂ ಕೇಳಿಸುತ್ತಿರಲಿಲ್ಲ. ಏನೋ ಗುಟ್ಟು ಹೇಳುವವಳ ಹಾಗೆ ಆಚೆ ಈಚೆ ನೋಡಿ, ಸೆರಗು ಬಾಯಿಗೆ ಅಡ್ಡ ಹಿಡಿದು, ಕೇಳಿದಳು:

"ವಟ್ಟೆ ತುಂಬ್ತೇನೇ ಗಿರ್ಜೀ?"

ಬಸ್ಸಿಗೆ ಬಸ್ಸೇ ನನ್ನ ಕಡೆ ತಿರುಗಿತು. ಹೂಂ ಎಂದರೆ ಅವಳಿಗೆ ಕೇಳಿಸುವುದಿಲ್ಲ. ನಾನು ಎರಡೂ ಕೈಗಳನ್ನು ಕಿಟಕಿಯ ಹೊರಗೆ ಚಾಚಿ, ತೋರುಬೆರಳನ್ನು ನಿಲ್ಲಿಸಿ, ಮುಷ್ಟಿಯಲ್ಲಿ ಹಿಡಿದು ತೋರಿಸಿದೆ. ಅಷ್ಟರಲ್ಲಿ ಬಸ್ಸು ಹೊರಟಿತು. ಅವಳು ನಕ್ಕಳು ಎಂದು ನನ್ನ ನೆನಪು. ಬಿಸಿಲಿಗೆ ಕಣ್ಣು ಕಿರಿದು ಮಾಡಿದ್ದೂ ಇರಬಹುದು, ಅದನ್ನು ನಾನು ನಗುವೆಂದು ಇಟ್ಟುಕೊಂಡಿದ್ದೇನೆ.

ಊರು ದಾಟಿದ ಮೇಲೆ ಪಕ್ಕದಲ್ಲಿ ಕೂತಿದ್ದ ಹೆಂಗಸು, ಬೆರಳಿಗೆ ಏಟಾಗಿದೆಯೇ ಎಂದು ಕೇಳಿದಳು. ನೋಡಿಕೊಂಡೆ. ಅದಿನ್ನೂ ಮುಷ್ಟಿಯೊಳಗೇ ಇತ್ತು.